ಧ್ಯಾನದ ಜಾಗ

‘ಧ್ಯಾನ’ ಎಂಬ ಪದಕ್ಕೆ ಕನ್ನಡದಲ್ಲಿ ಎರಡು ಬಾಳುವೆಗಳಿವೆ. ಯೋಗಶಾಸ್ತ್ರದಲ್ಲಿ ಅದು ಪತಂಜಲಿಯ ಎಂಟು ಅಂಗಗಳಲ್ಲಿ ಏಳನೆಯದು, ಅಂದರೆ ಒಂದೆಡೆ ನಿಲ್ಲಿಸಿದ ಚಿತ್ತ ಅಲ್ಲಿಯೇ ಎಡೆಬಿಡದೆ ಹರಿಯುವ ಸ್ಥಿತಿ. ಮನೆಮಾತಿನಲ್ಲಾದರೋ ‘ಅವಳಿಗೆ ತವರಿನದೇ ಧ್ಯಾನ’ ಎಂದಾಗ, ಕಣ್ಣೆದುರಿಗಿಲ್ಲದ ಜಾಗಕ್ಕೆ ಮನಸ್ಸು ಮತ್ತೆ ಮತ್ತೆ ಓಡುವುದನ್ನು ಅದು ಸೂಚಿಸುತ್ತದೆ. ಕ್ರೈಸ್ತರು ಪದವನ್ನು ಶಾಸ್ತ್ರದಿಂದ ಪಡೆದಂತೆ ತೋರಿದರೂ ಅವರ ಬಳಕೆ ಮನೆಮಾತಿಗೇ ಹತ್ತಿರವಾಗಿದೆ.

ಇದರ ಸುಳಿವು ಪಾದ್ರಿಗಳ ಪರಂಪರೆಯಲ್ಲಿದೆ. 1623ರಲ್ಲಿ ಮದುರೆಯಿಂದ ಸೇಲಂಗೆ ಬಂದ ರಾಬರ್ಟ್ ಡಿ ನೊಬಿಲಿಯೂ, ಆ ಶತಮಾನದ ನಡುವಿನಲ್ಲಿ ಶ್ರೀರಂಗಪಟ್ಟಣದಿಂದ ಮೈಸೂರು ಮಿಷನ್ನನ್ನು ಆರಂಭಿಸಿದ ಲಿಯೊನಾರ್ಡೊ ಚಿನ್ನಾಮಿಯೂ ಯೇಸುಸಭೆಯ, ಎಂದರೆ ಸಂತ ಇಗ್ನೇಷಿಯಸ್ ಸ್ಥಾಪಿಸಿದ ಸಂಘದ ಪಾದ್ರಿಗಳು. ಇಗ್ನೇಷಿಯಸರ ಸಾಧನಾಗ್ರಂಥ (1548) ಧ್ಯಾನಕ್ಕೆ ಕೂತವನು ಮೊದಲು ಸ್ಥಳವನ್ನು ಮನಸ್ಸಿನಲ್ಲಿ ಕಟ್ಟಿಕೊಳ್ಳಬೇಕೆಂದು ವಿಧಿಸುತ್ತದೆ: ನಜರೇತಿನಿಂದ ಬೆತ್ಲೆಹೇಮಿನ ದಾರಿ ಎಷ್ಟು ಉದ್ದ, ಅದು ಬಯಲೋ ಕಣಿವೆಯೋ, ಗವಿಯ ಮಾಡು ಎತ್ತರವೋ ತಗ್ಗೋ. ತಮ್ಮನ್ನು ‘ಯಾತ್ರಿಕ’ನೆಂದೇ ಕರೆದುಕೊಂಡ ಅವರು 1523ರಲ್ಲಿ ಯೆರೂಸಲೇಮಿಗೆ ಹೋದಾಗ, ಆಲಿವ್ ಗುಡ್ಡದ ಬಂಡೆಯ ಮೇಲೆ ಯೇಸುವಿನದೆಂದು ನಂಬಲಾದ ಹೆಜ್ಜೆಗುರುತನ್ನು ನೋಡಲು ಕಾವಲುಗಾರರಿಗೆ ಒಂದು ಚಾಕುವನ್ನು ಕೊಟ್ಟರು, ಎಡಗಾಲು ಯಾವ ಕಡೆಗಿತ್ತು, ಬಲಗಾಲು ಯಾವ ಕಡೆಗಿತ್ತು ಎಂಬುದು ಮನಸ್ಸಿನಲ್ಲಿ ನಿಲ್ಲದೆ ಹೋಗಿ, ಮತ್ತೆ ಹಿಂತಿರುಗಿ ಈ ಸಲ ಕತ್ತರಿಯನ್ನು ಕೊಟ್ಟರು. ಇಂಥ ವಿವರಗಳ ಹಂಬಲವನ್ನು ಪತಂಜಲಿ ವಿಕ್ಷೇಪ, ಎಂದರೆ ಚಿತ್ತದ ಚದುರಾಟ, ಎಂದಾರು. ತವರಿನ ಧ್ಯಾನದಲ್ಲಿರುವವಳಿಗೆ ಅದು ಚೆನ್ನಾಗಿಯೇ ಅರ್ಥವಾದೀತು.

ಯೆರೂಸಲೇಮಿಗೆ ಹೋಗಲಾರದವರಿಗೆ ಶಿಲುಬೆ ಹಾದಿಯಿದೆ. ತಪಸ್ಸು ಕಾಲದಲ್ಲಿ, ಅಂದರೆ ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ, ಯೇಸುವಿನ ಕೊನೆಯ ನಡೆಯನ್ನು 14 ಕಡೆ ನಿಂತು ನೆನೆಯುವ ಆಚರಣೆ ಇದು. ಆ ನಿಲುಗಡೆಗೆ ‘ಸ್ಥಳ’ವೆಂದೇ ಹೆಸರು, ವೀರಶೈವರ ಷಟ್‌ಸ್ಥಲವನ್ನು ಬಲ್ಲ ಕನ್ನಡದ ಕಿವಿಗೆ ಅದು ಹೊಸದಲ್ಲ.

ಸೇಲಂ ಜಿಲ್ಲೆಯ ಪಣ್ಣವಾಡಿಯ ಬಳಿ ಸ್ಥಳವೇ ಕಣ್ಮರೆಯಾಗಿದೆ. 1925ರಿಂದ 1934ರವರೆಗೆ ಕಟ್ಟಿದ ಮೆಟ್ಟೂರು ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿದ ಊರುಗಳೊಂದಿಗೆ ಅಲ್ಲಿನ ಇಗರ್ಜಿಯೂ ಜಲಕಂಠೇಶ್ವರನ ಗುಡಿಯೂ ಮುಳುಗಿದವು. ಕಾವೇರಿ ಬಹಳ ಇಳಿದ ವರ್ಷಗಳಲ್ಲಿ ನಂದಿಯೂ ಇಗರ್ಜಿಯ ಗೋಪುರವೂ ಮೇಲೆ ಕಾಣಿಸಿಕೊಳ್ಳುತ್ತವೆ, ಜನ ನೋಡಲು ಸೇರುತ್ತಾರೆ. ಉಳಿದ ಕಾಲದಲ್ಲಿ ಇಗ್ನೇಷಿಯಸರ ವಿಧಿಯಂತೆ ಆ ಸ್ಥಳವನ್ನು ಮನಸ್ಸಿನಲ್ಲೇ ಕಟ್ಟಿಕೊಳ್ಳಬೇಕು.

ಧ್ಯಾನವೆಂದರೆ ಮೌನ ಎಂಬ ನಂಬಿಕೆಯೂ ಸೇಲಂನ ಈ ಸೀಮೆಯಲ್ಲಿ ಪೂರ್ತಿ ನಿಲ್ಲುವುದಿಲ್ಲ. ತಮಿಳು ಕ್ರೈಸ್ತರಲ್ಲಿ ‘ತಿಯಾನಂ’ ಎಂದರೆ ಪ್ರವಚನ, ಹಾಡು, ಪಾಪನಿವೇದನೆಗಳ ಕೆಲವು ದಿನಗಳ ಕೂಟವೂ ಹೌದು. ಅಲ್ಲಿ ಧ್ವನಿವರ್ಧಕಕ್ಕೆ ಬಿಡುವಿರದು. ಮಾಡುವಂಥದಾಗಿದ್ದ ಧ್ಯಾನ ಈ ಬಳಕೆಯಲ್ಲಿ ಜಾತ್ರೆಯ ಹಾಗೆ ಚತುರ್ಥೀ ವಿಭಕ್ತಿಯನ್ನು ಬೇಡುತ್ತದೆ: ಜನ ‘ಧ್ಯಾನಕ್ಕೆ’ ಹೋಗುತ್ತಾರೆ.