ಕಸಿಯ ವಿದ್ಯೆ: ಹಿತ್ತಿಲಿನಿಂದ ಹಿತ್ತಿಲಿಗೆ

ರುಚಿಯಾದ ಮಾವಿನ ಹಣ್ಣನ್ನು ತಿಂದು ಅದರ ಓಟೆಯನ್ನು ಹಿತ್ತಿಲಲ್ಲಿ ಊರುವವರನ್ನು ನೀವು ನೋಡಿರುತ್ತೀರಿ. ಹಲವು ವರ್ಷಗಳ ಮೇಲೆ ಆ ಗಿಡ ಫಲ ಕೊಟ್ಟಾಗ ಮೊದಲಿನ ರುಚಿ ಸಿಗದೆ ನಿರಾಶೆಯಾಗುವುದುಂಟು. ಬೀಜದಲ್ಲಿ ಸಾಮಾನ್ಯವಾಗಿ ಎರಡು ಮರಗಳ ಗುಣ ಬೆರೆತಿರುವುದೇ ಇದಕ್ಕೆ ಕಾರಣ. ಮೆಚ್ಚಿದ ಮರದ ಗುಣವೇ ಬೇಕೆಂದರೆ ಅದರ ಕೊಂಬೆಯಿಂದಲೇ ಗಿಡ ಪಡೆಯಬೇಕು. ಕಡ್ಡಿ ನೆಡುವುದು, ಗೂಟಿ ಕಟ್ಟುವುದು, ಕಸಿ ಮಾಡುವುದು ಇದಕ್ಕಿರುವ ದಾರಿಗಳು.

ಈ ವಿದ್ಯೆ ಹೊಸದಲ್ಲ. 6ನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯಲ್ಲಿ ವೃಕ್ಷಾಯುರ್ವೇದದ ಅಧ್ಯಾಯವೊಂದಿದೆ. ಹಲಸು, ನೇರಳೆ, ದಾಳಿಂಬೆ, ದ್ರಾಕ್ಷಿ ಮುಂತಾದವುಗಳ ಕಾಂಡಕ್ಕೆ ಸಗಣಿ ಬಳಿದು ನೆಡಬಹುದೆಂದು ಅದು ತಿಳಿಸುತ್ತದೆ. ಆದರೆ ಸಂಸ್ಕೃತ ಬಲ್ಲವರಿಗಷ್ಟೇ ಅದು ದಕ್ಕುತ್ತಿತ್ತು. ಸುಮಾರು 1025ರಲ್ಲಿ ಕಲ್ಯಾಣ ಚಾಲುಕ್ಯ ದೊರೆ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ‘ಲೋಕೋಪಕಾರ’ವನ್ನು ಕನ್ನಡದಲ್ಲಿ ರಚಿಸಿದನು. ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯ ಇವನಲ್ಲ. ಅಂತರ್ಜಲ, ಅಡುಗೆ, ವೈದ್ಯಗಳೊಂದಿಗೆ ವೃಕ್ಷಾಯುರ್ವೇದಕ್ಕೂ ಈ ಗ್ರಂಥದಲ್ಲಿ ಸ್ಥಾನವಿದೆ. ಬಲ್ಲವರ ವಿದ್ಯೆ ಜನರ ಮಾತಿಗೆ ಇಳಿಯಿತು ಎಂಬುದೇ ಇದರ ಮಹತ್ವ. ಇಟಗಿಯ ಮಹಾದೇವ ದೇವಾಲಯ (1112) ನಿರ್ಮಾಣವಾದದ್ದೂ ಇದೇ ಚಾಲುಕ್ಯರ ಆಳ್ವಿಕೆಯಲ್ಲಿ ಎಂಬುದನ್ನು ಕೊಪ್ಪಳ ಸೀಮೆಯ ವಿದ್ಯಾರ್ಥಿಗಳು ನೆನೆಯಬಹುದು.

ಕಳೆದ ಶತಮಾನದಲ್ಲಿ ಈ ಹಂಚಿಕೆಗೆ ಸಂಸ್ಥೆಗಳ ಬೆಂಬಲ ದೊರೆಯಿತು. 1908ರಲ್ಲಿ ಬೆಂಗಳೂರಿಗೆ ಬಂದ ಜರ್ಮನ್ ತಜ್ಞ ಕ್ರುಂಬಿಗಲ್ ಲಾಲ್‌ಬಾಗಿನ ಹೊಣೆ ಹೊತ್ತರು. 1912ರಲ್ಲಿ ಮೈಸೂರು ತೋಟಗಾರಿಕಾ ಸಂಘ ಸ್ಥಾಪನೆಯಾಯಿತು. ಇಂತಹ ಸಂಘಗಳಿಂದ ಸರಕಾರಿ ತೋಟದ ತಿಳಿವಳಿಕೆ ಮನೆತೋಟದ ಹವ್ಯಾಸಿಗಳಿಗೂ ದೊರೆಯುವಂತಾಯಿತು. ಆಗ ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರಲ್ಲಿ ಕನ್ನಡ ನಾಡಿನೊಂದಿಗೆ ಒಂದಾಯಿತು.

ಈಗ ಭಾಗ್ಯನಗರದ ಸುತ್ತಲಿನ ದಾಳಿಂಬೆಯನ್ನೇ ನೋಡಿ. ‘ಗಣೇಶ’ ಎಂಬ ತಳಿಯನ್ನು ಆಯ್ದದ್ದು ದೂರದ ಪುಣೆಯ ಗಣೇಶಖಿಂಡ್ ತೋಟದಲ್ಲಿ. ಅಂತಹ ತಳಿಯನ್ನು ಊರೂರಿಗೆ ಒಯ್ಯಲು ಗೂಟಿ ಬಹಳ ನೆರವಾಗುತ್ತದೆ. ಪೆನ್ಸಿಲ್ ದಪ್ಪದ ಕೊಂಬೆಯಿಂದ ಎರಡು, ಮೂರು ಸೆಂಟಿಮೀಟರ್ ಅಗಲದಷ್ಟು ತೊಗಟೆಯನ್ನು ಬಳೆಯಂತೆ ಸುತ್ತಲೂ ತೆಗೆದು, ಒದ್ದೆ ಪಾಚಿಯನ್ನು ಇಟ್ಟು ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟುತ್ತಾರೆ. ಎಲೆಗಳು ತಯಾರಿಸಿದ ಆಹಾರ ಕೆಳಗಿಳಿಯಲಾಗದೆ ಗಾಯದ ಮೇಲ್ಭಾಗದಲ್ಲಿ ನಿಲ್ಲುತ್ತದೆ. ಅಲ್ಲಿ ಬೇರು ಮೂಡುತ್ತದೆ. ಮಳೆಗಾಲ ಇದಕ್ಕೆ ಒಳ್ಳೆಯ ಸಮಯ.

ಆದರೆ ಕೊಂಬೆಯೊಂದಿಗೆ ಗುಣ ಮಾತ್ರ ಬರುವುದಿಲ್ಲ, ರೋಗವೂ ಬರುತ್ತದೆ. 2000ದ ನಂತರದ ವರ್ಷಗಳಲ್ಲಿ ದುಂಡಾಣು ಅಂಗಮಾರಿ ರೋಗ ಕೊಪ್ಪಳ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ದಾಳಿಂಬೆ ತೋಟಗಳನ್ನು ಕಾಡಿತು. ಎಲೆಯ ಮೇಲೆ ಕಪ್ಪು ಚುಕ್ಕೆ ಮೂಡಿ, ಕಾಯಿ ಬಿರಿದು, ಬೆಳೆಯೇ ಕೈಬಿಟ್ಟಿತು. ಎಷ್ಟೋ ರೈತರು ಗಿಡಗಳನ್ನು ಕಿತ್ತು ಹಾಕಿದರು. ಗಾಳಿಮಳೆಯ ಹನಿಯಿಂದ ತೋಟದೊಳಗೆ ಹರಡುವ ಈ ರೋಗ ದೂರದೂರಿಗೆ ಹೋಗುವುದು ಮುಖ್ಯವಾಗಿ ಸೋಂಕಿದ ಸಸಿಗಳ ಮೂಲಕ. ಹೀಗಾಗಿಯೇ ಅಂಗಾಂಶ ಕೃಷಿಯಿಂದ ಬೆಳೆಸಿದ ರೋಗರಹಿತ ಸಸಿಗಳಿಗೆ ಬೇಡಿಕೆ ಬಂದಿತು.

ಹಾಗೆಂದು ಹಂಚಿಕೊಳ್ಳುವುದನ್ನು ಬಿಡಬೇಕೆ? ಬಿಟ್ಟರೆ ಒಂದು ಹಿತ್ತಿಲ ಹಳೆಯ ಮರ ಬಿದ್ದ ದಿನವೇ ಅದರ ರುಚಿಯೂ ಅಳಿಯುತ್ತದೆ. ಆದುದರಿಂದ ನೀವು ನೆರೆಯವರಿಂದ ಕಡ್ಡಿ ಕೇಳುವಾಗ ತಾಯಿಮರದ ಆರೋಗ್ಯವನ್ನೂ ವಿಚಾರಿಸಿ. ಪ್ರತಿ ಗಿಡ ಮುಟ್ಟುವ ಮೊದಲು ಚಾಕುವನ್ನು ಶುದ್ಧಗೊಳಿಸಿ. ಕೊಡುವಾಗ ಕಡ್ಡಿಯ ಜೊತೆಗೆ ಈ ತಿಳಿವಳಿಕೆಯನ್ನೂ ಕೊಡಿ. ‘ಲೋಕೋಪಕಾರ’ ಎಂಬ ಹೆಸರಿಗೆ ಅದುವೇ ತಕ್ಕ ನಡೆ.