ಪ್ರಶ್ನೆಯು ಮನೆಯ ಹೊಸ್ತಿಲು ದಾಟಿದಾಗ

ಸಮಾಜ ವಿಜ್ಞಾನವೆಂದೊಡನೆ ನಮ್ಮಲ್ಲಿ ಅನೇಕರಿಗೆ ನೆನಪಾಗುವುದು ಇಸವಿಗಳು, ಅರಸರ ಹೆಸರುಗಳು ಮತ್ತು ಬಾಯಿಪಾಠ ಮಾಡಿದ ಉತ್ತರಗಳು. ಉತ್ತರಕ್ಕೆ ಬದಲಾಗಿ ಪ್ರಶ್ನೆಯನ್ನೇ ಮಗುವಿನ ಕೈಗಿತ್ತರೆ ಏನಾದೀತು? ಅಮೆರಿಕದಲ್ಲಿ ಅರ್ಧ ಶತಮಾನಕ್ಕೂ ಹಿಂದೆ ಆರಂಭವಾದ ಒಂದು ಪ್ರಯೋಗದ ಇತಿಹಾಸವನ್ನು ಓದುಗರು ಗಮನಿಸಬೇಕು.

1957ರಲ್ಲಿ ಸೋವಿಯತ್ ಒಕ್ಕೂಟವು ಸ್ಪುಟ್ನಿಕ್ ಉಪಗ್ರಹವನ್ನು ಹಾರಿಸಿತು. ಬೆಚ್ಚಿದ ಅಮೆರಿಕ ತನ್ನ ಶಾಲೆಗಳತ್ತ ದೃಷ್ಟಿ ಹರಿಸಿತು. 1959ರಲ್ಲಿ ವುಡ್ಸ್ ಹೋಲ್ ಎಂಬಲ್ಲಿ ವಿದ್ವಾಂಸರ ಸಭೆಯೊಂದು ಸೇರಿತು. ಅದರ ಅಧ್ಯಕ್ಷರಾಗಿದ್ದ ಮನಶ್ಶಾಸ್ತ್ರಜ್ಞ ಜೆರೋಮ್ ಬ್ರೂನರ್, ಗಹನವಾದ ವಿಷಯವನ್ನೂ ಎಳೆಯರಿಗೆ ಅವರ ಮಟ್ಟಕ್ಕೆ ತಕ್ಕಂತೆ ಪ್ರಾಮಾಣಿಕವಾಗಿ ಕಲಿಸಬಹುದೆಂದು ನಂಬಿದ್ದರು. ಈ ನಂಬಿಕೆಯ ಫಲವಾಗಿ, ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯದಿಂದ, 1960ರ ದಶಕದಲ್ಲಿ ‘ಮ್ಯಾನ್: ಎ ಕೋರ್ಸ್ ಆಫ್ ಸ್ಟಡಿ’ ಎಂಬ ಪಠ್ಯಕ್ರಮ ರೂಪುಗೊಂಡಿತು. ಹತ್ತು ವರ್ಷದ ಆಸುಪಾಸಿನ ಮಕ್ಕಳೇ ಅದರ ವಿದ್ಯಾರ್ಥಿಗಳು.

ಮನುಷ್ಯನನ್ನು ಮನುಷ್ಯನನ್ನಾಗಿಸುವುದು ಯಾವುದು ಎಂಬುದೇ ಅದರ ಕೇಂದ್ರ ಪ್ರಶ್ನೆ. ಮಕ್ಕಳು ಮೊದಲು ಸಾಲ್ಮನ್ ಮೀನನ್ನು ಅಭ್ಯಸಿಸುತ್ತಿದ್ದರು. ಅದರ ಮರಿಗಳು ಹೆತ್ತವರನ್ನು ಕಾಣುವುದೇ ಇಲ್ಲ. ಬಳಿಕ ಮರಿಗಳನ್ನು ಪೋಷಿಸುವ ಕಡಲಹಕ್ಕಿ, ಗುಂಪಾಗಿ ಬಾಳುವ ಬಬೂನ್ ಕೋತಿ. ಕೊನೆಗೆ ಕೆನಡಾದ ಉತ್ತರ ಧ್ರುವಪ್ರದೇಶದ ನೆಟ್ಸಿಲಿಕ್ ಜನರು. ಮಾನವಶಾಸ್ತ್ರಜ್ಞ ಆಸೆನ್ ಬಲಿಕ್ಸಿ ಅವರ ನೆರವಿನಿಂದ ಚಿತ್ರಿಸಲಾದ ನೆಟ್ಸಿಲಿಕ್ ಬದುಕಿನ ಚಲನಚಿತ್ರಗಳಲ್ಲಿ ವಿವರಣೆ ಅತ್ಯಲ್ಪ. ನೋಡಿ, ಹೋಲಿಸಿ, ಊಹಿಸಿ, ವಾದಿಸುವ ಹೊಣೆ ಮಕ್ಕಳದೇ ಆಗಿತ್ತು.

ಹಸಿವಿನ ಕಾಲದಲ್ಲಿ, ನಡೆಯಲಾರದ ವೃದ್ಧರನ್ನು ಹಿಮದಲ್ಲೇ ಬಿಟ್ಟು ಮುಂದೆ ಸಾಗುವ ಪ್ರಸಂಗವೂ ಪಾಠದಲ್ಲಿತ್ತು. ಇದು ಸರಿಯೇ ಎಂಬ ಪ್ರಶ್ನೆ ತರಗತಿಯಿಂದ ಮನೆಗೆ ಬಂದಿತು. 1970ರಲ್ಲಿಯೇ ಫ್ಲಾರಿಡಾದ ಲೇಕ್ ಸಿಟಿಯಲ್ಲಿ ಪಾಲಕರು ಪ್ರತಿಭಟಿಸಿದರು. ಎಲ್ಲ ಮೌಲ್ಯಗಳೂ ಸಮಾನವೆಂದು ಮಕ್ಕಳಿಗೆ ಕಲಿಸಲಾಗುತ್ತಿದೆ ಎಂಬುದು ವಿರೋಧಿಗಳ ದೂರು. 1975ರಲ್ಲಿ ಸಂಸದ ಜಾನ್ ಕಾನ್ಲನ್ ಈ ವಿವಾದವನ್ನು ಅಮೆರಿಕದ ಸಂಸತ್ತಿಗೇ ಒಯ್ದರು. ಪ್ರತಿಷ್ಠಾನದ ನೆರವು ನಿಂತಿತು. ಪಠ್ಯಕ್ರಮ ಕ್ರಮೇಣ ಶಾಲೆಗಳಿಂದ ಮರೆಯಾಯಿತು.

ಪಾಲಕರ ಆತಂಕವನ್ನು ಹಗುರವಾಗಿ ಕಾಣಲಾಗದು. ಹತ್ತರ ಹರೆಯದ ಮಗು ಸಾವಿನಂಥ ಭಾರವನ್ನು ಒಂಟಿಯಾಗಿ ಹೊರಬಾರದು. ಆದರೆ ಪಾಠವನ್ನೇ ನಿಲ್ಲಿಸಿದರೆ ಆ ಭಾರ ಇಳಿಯುವುದೇ? ಪ್ರಶ್ನೆ ಕೇಳಲು ಕಲಿತ ಮಗು ನೆಟ್ಸಿಲಿಕ್ ವೃದ್ಧರಲ್ಲಿಗೇ ನಿಲ್ಲುವುದಿಲ್ಲ. ನಮ್ಮ ಅಜ್ಜಿ ಊರಿನಲ್ಲಿ ಒಬ್ಬರೇ ಏಕಿದ್ದಾರೆ ಎಂದೂ ಅದು ಕೇಳುತ್ತದೆ. ಅಲ್ಲಿ ಹಿಮವಿತ್ತು, ಹಸಿವಿತ್ತು. ಇಲ್ಲಿ ನಮಗಿರುವ ಕಾರಣವೇನೆಂದು ಹೋಲಿಸಿ ನೋಡುತ್ತದೆ.

ಪಾಲಕರೇ, ಇಂಥ ಪ್ರಶ್ನೆಯನ್ನು ಶಿಕ್ಷಕರೊಬ್ಬರೇ ನಿಭಾಯಿಸಲಾರರು. ಇದಕ್ಕೆ ಉತ್ತರ ಹೇಳಬೇಕಾದವರು ನಾವು.