ಕೊಟ್ಟದ್ದು ಒಂದು ದಿನ, ಪಡೆಯುವುದು ದಿನದಿನ

ಮುಂಬಯಿಯ ಮಸ್ಜಿದ್ ಸ್ಟೇಷನ್ ಹತ್ತಿರದ ಬ್ರಾಂಚಿಗೆ ವರ್ಗವಾಗಿ ಹೋದಾಗ, ಆ ಹೆಸರು ಯಾವುದೋ ಮಸೀದಿಯದು ಅಂತಲೇ ನಾನು ತಿಳಿದಿದ್ದೆ. 'ಅಲ್ಲ ಸಾಹೇಬ್, ಅದು ನಮ್ಮ ಜುನಿ ಮಸ್ಜಿದ್' ಎಂದರು ಪೆನ್ಷನ್ನಿಗೆ ಬರುತ್ತಿದ್ದ ಹಿರಿಯರೊಬ್ಬರು. ಮನೆಮಾತು ಮರಾಠಿ, ಬೆನೆ ಇಸ್ರೇಲ್ ಪಂಗಡದ ಯಹೂದಿಗಳು.

ಆ ಸಿನಗಾಗ್ ಕಟ್ಟಿದ್ದು 1796ರಲ್ಲಿ. ಅದರ ಕಥೆಯ ಬೇರು ನಮ್ಮ ಮೈಸೂರಿನಲ್ಲಿದೆ! ಕಟ್ಟಿಸಿದ ಸಾಮ್ಯುಯೆಲ್ ದಿವೇಕರ್ ಕಂಪನಿ ಸೈನ್ಯದವರು. ಎರಡನೆಯ ಮೈಸೂರು ಯುದ್ಧದಲ್ಲಿ (1780–84) ಟಿಪ್ಪುವಿನ ಸೆರೆಯಾಗಿ, ಬದುಕಿ ಮರಳಿದರೆ ಪ್ರಾರ್ಥನಾ ಮಂದಿರ ಕಟ್ಟಿಸುವೆನೆಂದು ಹರಕೆ ಹೊತ್ತಿದ್ದರಂತೆ. ಮಂದಿರವೇನೋ ಆಯಿತು. ಒಳಗಿಡಲು ತೋರಾ ಸುರುಳಿ ಬೇಕಲ್ಲ? ಅದನ್ನು ತರಲು ಕೊಚ್ಚಿಗೆ ಹೋದವರು 1797ರಲ್ಲಿ ಅಲ್ಲೇ ತೀರಿಕೊಂಡರೆಂದು ಅವರವರಲ್ಲಿ ಹೇಳಿಕೆ.

ಮೋಶೆಯ ಐದು ಗ್ರಂಥಗಳೇ ತೋರಾ. ಚರ್ಮದ ಹಾಳೆಯ ಮೇಲೆ ಕೈಯಲ್ಲೇ ಬರೆಯಬೇಕು. ಅಕ್ಷರ 3,04,805. ಒಂದು ತಪ್ಪಿದರೂ ತಿದ್ದುವ ತನಕ ಓದುವಂತಿಲ್ಲ. ಕೊಂಕಣದಲ್ಲಿ ಗಾಣ ನಡೆಸಿ, ಶನಿವಾರ ಬಿಡುವು ಮಾಡಿ 'ಶನಿವಾರ ತೇಲಿ' ಎನಿಸಿಕೊಂಡ ಈ ಜನರ ಬಳಿ ತಲೆಮಾರುಗಟ್ಟಲೆ ಸುರುಳಿಯೇ ಇರಲಿಲ್ಲ. ಶೆಮಾ ಎಂಬ ಒಂದು ಪ್ರಾರ್ಥನೆ ಮಾತ್ರ ಬಾಯಲ್ಲಿ ಉಳಿದಿತ್ತಂತೆ.

ಸಿನಾಯ್ ಬೆಟ್ಟದಲ್ಲಿ ತೋರಾ ದೊರೆತ ನೆನಪಿಗೆ ಶಾವುವೊತ್ ಹಬ್ಬ; ಪಾಸ್‌ಓವರ್ ಕಳೆದು ಏಳು ವಾರಕ್ಕೆ ಬರುತ್ತದೆ. ಜನ ಮೊದಲು ನಡೆಯುತ್ತೇವೆಂದು ಒಪ್ಪಿ, ಆಮೇಲೆ ಕೇಳಿ ತಿಳಿಯುತ್ತೇವೆಂದರು. ತಾಲ್ಮುದ್ ಇನ್ನೊಂದು ಕಥೆ ಹೇಳುತ್ತದೆ. ದೇವರು ಬೆಟ್ಟವನ್ನೇ ಅವರ ತಲೆಯ ಮೇಲೆತ್ತಿ, ಒಪ್ಪದಿದ್ದರೆ ಇಲ್ಲೇ ಗೋರಿ ಎಂದನಂತೆ. ಹಾಗಾದರೆ ಒಪ್ಪಂದ ಬಲವಂತದ್ದಾಯಿತಲ್ಲ, ಎಂದು ರಬ್ಬಿಯೊಬ್ಬರು ತಕರಾರೆತ್ತುತ್ತಾರೆ. ಬ್ಯಾಂಕಿನವನಾದ ನನಗೆ ಆ ತಕರಾರು ಚೆನ್ನಾಗಿ ಅರ್ಥವಾಯಿತು. ಬೆದರಿಸಿ ಪಡೆದ ಸಹಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಎಸ್ತೇರಳ ಕಾಲಕ್ಕೆ, ಪರ್ಷಿಯಾದಲ್ಲಿ, ಜನ ತಾವಾಗಿ ಮತ್ತೆ ಒಪ್ಪಿಕೊಂಡರು ಎಂಬುದೇ ಉತ್ತರ. ಅಂದರೆ ಪರದೇಶದಲ್ಲಿ!

ಆ ಹಬ್ಬದ ಪ್ರಾರ್ಥನೆಯಲ್ಲಿ ಅದಕ್ಕೆ ತೋರಾ 'ಕೊಟ್ಟ' ಕಾಲವೆಂದೇ ಹೆಸರು, 'ಪಡೆದ' ಕಾಲವೆಂದಲ್ಲ. ಕೊಟ್ಟದ್ದು ಒಂದು ದಿನ, ಪಡೆಯುವುದು ದಿನದಿನ ಎಂದು ಅವರ ಗುರುಗಳು ವಿವರಿಸಿದ್ದಾರೆ.

ನಾನೂ ಮಗನ ತಲೆಯ ಮೇಲೆ ಬೆಟ್ಟ ಎತ್ತಿ ಹಿಡಿದವನೇ. ಕಾಗುಣಿತ ಬರೆಯದೆ ಕ್ರಿಕೆಟ್ಟಿಗೆ ಬಿಡುತ್ತಿರಲಿಲ್ಲ. ಬರೆದ, ದೊಡ್ಡವನಾದ ಮೇಲೆ ಒಂದು ಕನ್ನಡ ಪುಸ್ತಕ ಮುಟ್ಟಲಿಲ್ಲ. ಕಳೆದ ದೀಪಾವಳಿಗೆ ಅವನ ಮಗಳು ತಾನಾಗಿಯೇ ಕೇಳಿದಳು: 'ಅಜ್ಜಾ, ನನ್ನ ಹೆಸರು ಕನ್ನಡದಲ್ಲಿ ಹೇಗೆ ಬರೆಯೋದು?' ಬರೆದು ತೋರಿಸಿದೆ. ಒಂದು ಒತ್ತಕ್ಷರ ತಪ್ಪಿದಳು. ಈ ಸಲ ಗದರಲಿಲ್ಲ.